ಆ ಭಾನುವಾರ ಮಾಲೀಕರ ಮನೆಯಲ್ಲಿ

ಟೊರೊಂಟೊದಲ್ಲಿ ನಾನು ಬಾಡಿಗೆಗಿದ್ದ ಬೇಸ್‌ಮೆಂಟಿನ ಮೇಲೆಯೇ ಮಾಲೀಕರ ಸಂಸಾರವಿತ್ತು. 2025ರ ಏಪ್ರಿಲ್ 6, ಭಾನುವಾರ. ಅಜ್ಜ ಬಾಗಿಲು ತಟ್ಟಿ, "ಇವತ್ತು ಆಗೇಬಿಡಬಹುದು, ಮೇಲೆ ಬಾ" ಎಂದರು. ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಅಲೆಕ್ಸಾಂಡರ್ ಒವೆಚ್ಕಿನ್ ವೇಯ್ನ್ ಗ್ರೆಟ್ಸ್ಕಿಯ 894 ಗೋಲುಗಳ ದಾಖಲೆಯನ್ನು ಸರಿಗಟ್ಟಿ ಎರಡು ದಿನವಾಗಿತ್ತು. ನನಗೋ ಐಸ್ ಹಾಕಿ ಅರ್ಧಂಬರ್ಧ ಗೊತ್ತು. ಪಕ್ ಎಂಬ ಆ ಚಪ್ಪಟೆ ರಬ್ಬರ್ ಬಿಲ್ಲೆ ಎಲ್ಲಿದೆ ಎಂದೇ ಕಾಣುತ್ತಿರಲಿಲ್ಲ; ಆಟಗಾರರು ಕೈ ಎತ್ತಿದರೆ ಗೋಲಾಯಿತು ಎಂದು ಲೆಕ್ಕ.

ಎರಡನೇ ಅವಧಿಯಲ್ಲಿ ಒವೆಚ್ಕಿನ್ ಎಡಗಡೆಯ ತನ್ನ ಮಾಮೂಲಿ ಜಾಗದಿಂದ ಬಾರಿಸಿದ. 895. ಮಂಜುಗಡ್ಡೆಯ ಮೇಲೆ ಹೊಟ್ಟೆಯಲ್ಲಿ ಜಾರಿಕೊಂಡು ಹೋದ. ಆಟ ನಿಲ್ಲಿಸಿ ಸಮಾರಂಭ ಶುರುವಾಯಿತು, ಗ್ರೆಟ್ಸ್ಕಿಯೇ ಬಂದು ಅಭಿನಂದಿಸಿದ. ನಾನು ಸುಮ್ಮನಿರಬಹುದಿತ್ತು. "ಹಾಗಾದ್ರೆ ಇನ್ಮೇಲೆ ಇವನೇ ಎಲ್ಲರಿಗಿಂತ ದೊಡ್ಡವನಾ?" ಎಂದು ಕೇಳಿಬಿಟ್ಟೆ.

ಅಜ್ಜನ ಮಗ ನನ್ನತ್ತ ತಿರುಗಿದ ರೀತಿ ಈಗಲೂ ನೆನಪಿದೆ. "ಗ್ರೆಟ್ಸ್ಕಿಯ ಗೋಲುಗಳನ್ನೆಲ್ಲ ಅಳಿಸಿಹಾಕು. ಒಂದೂ ಬೇಡ. ಬರೀ ಅಸಿಸ್ಟ್, ಅಂದ್ರೆ ಬೇರೆಯವರ ಗೋಲಿಗೆ ಕೊಟ್ಟ ಪಾಸ್, 1,963 ಉಳಿಯುತ್ತೆ. ಒಟ್ಟು ಪಾಯಿಂಟ್ ಪಟ್ಟಿಯಲ್ಲಿ ಎರಡನೇ ಸ್ಥಾನದ ಯಾಗ್ರ್‌ಗೆ ಗೋಲು, ಅಸಿಸ್ಟ್ ಎರಡೂ ಸೇರಿ 1,921 ಪಾಯಿಂಟ್." ಅಂಕಿಅಂಶ ನನ್ನ ಹೊಟ್ಟೆಪಾಡು, ಇಷ್ಟು ಕೇಳಿದ ಮೇಲೆ ನನ್ನ ಮಟ್ಟಿಗೆ ವಾದ ಮುಗಿದೇ ಹೋಯಿತು. ಬ್ರಾಡ್ಮನ್‌ನ ಸರಾಸರಿ 99.94, ಗ್ರೆಟ್ಸ್ಕಿಯ ಅಂಗಿಯ ಸಂಖ್ಯೆ 99. ಇನ್ನೇನು ಬೇಕು?

ಅಜ್ಜ ಮಾತಾಡಲಿಲ್ಲ, ಗೋಡೆಯ ಕಡೆ ಬೆರಳು ತೋರಿಸಿದರು. ಅಲ್ಲೊಂದು ಕಪ್ಪುಬಿಳುಪು ಚಿತ್ರ: ಒಬ್ಬ ಆಟಗಾರ ನೆಲ ಬಿಟ್ಟು ಅಡ್ಡಡ್ಡ ಗಾಳಿಯಲ್ಲಿದ್ದಾನೆ, ಎರಡೂ ಕೈ ಚಾಚಿ. ಬಾಬಿ ಓರ್, 1970ರ ಮೇ 10, ಬಾಸ್ಟನ್ನಿಗೆ ಲೀಗಿನ ಕಿರೀಟವಾದ ಸ್ಟ್ಯಾನ್ಲಿ ಕಪ್ ತಂದುಕೊಟ್ಟ ಗೋಲು. ಅಜ್ಜನೂ ಓರ್ ಹುಟ್ಟಿದ ಪ್ಯಾರಿ ಸೌಂಡ್ ಕಡೆಯವರು, ಹಾಗಾಗಿ ಪಕ್ಷಪಾತ ಇಲ್ಲದಿರಲಿಲ್ಲ. ಆದರೆ ವಾದ ಗಟ್ಟಿಯಾಗಿತ್ತು. ಓರ್ ಡಿಫೆನ್ಸ್ ಆಟಗಾರ. ಹಿಂದೆ ನಿಂತು ಕಾಯಬೇಕಾದವನು ಎರಡು ಸಲ ಇಡೀ ಲೀಗಿನಲ್ಲೇ ಅತಿ ಹೆಚ್ಚು ಪಾಯಿಂಟ್ ಗಳಿಸಿದ. ಬೇರೆ ಯಾವ ಡಿಫೆನ್ಸ್ ಆಟಗಾರನಿಗೂ ಅದು ಇವತ್ತಿನವರೆಗೆ ಒಂದು ಸಲವೂ ಆಗಿಲ್ಲ. "ಮೊಣಕಾಲು ಕೈಕೊಟ್ಟಿತು. ಮೂವತ್ತಕ್ಕೇ ಮುಗೀತು, 657 ಪಂದ್ಯ ಅಷ್ಟೇ," ಎಂದರು, ನಿನ್ನೆ ಮೊನ್ನೆ ನಡೆದದ್ದೇನೋ ಎಂಬಂತೆ. "ನಿಮ್ಮ ಗ್ರೆಟ್ಸ್ಕಿ ಕಾಲದಲ್ಲಿ ಪಂದ್ಯಕ್ಕೆ ಎಂಟು ಗೋಲು ಬೀಳ್ತಿತ್ತು. ಈಗ ಆರು. ಅದನ್ಯಾಕೆ ಹೇಳಲ್ಲ?"

"ಅಪ್ಪಾ, ಎಂಟು ಗೋಲು ಎಲ್ಲರಿಗೂ ಬೀಳ್ತಿತ್ತಲ್ಲ! ಒಂದೇ ಸೀಸನ್ನಲ್ಲಿ 215 ಪಾಯಿಂಟ್ ಮಾಡಿದ ಇನ್ನೊಬ್ಬನನ್ನ ತೋರಿಸು."

ಮಾತಿನಲ್ಲಿ ಮಾರಿಯೊ ಲೆಮ್ಯೂ ಬಂದ. ಕ್ಯಾನ್ಸರಿಗೆ ಕೊನೆಯ ರೇಡಿಯೇಷನ್ ಮುಗಿಸಿದ ದಿನವೇ, 1993ರಲ್ಲಿ, ಸಂಜೆ ಆಡಿ ಗೋಲು ಹೊಡೆದವನು. ಎರಡು ತಿಂಗಳು ತಪ್ಪಿಸಿಕೊಂಡೂ ಆ ವರ್ಷದ ಪಾಯಿಂಟ್ ಪಟ್ಟಿಯಲ್ಲಿ ಮೊದಲಿಗ. ಐವತ್ತೆರಡರವರೆಗೆ ಆಡಿದ ಗಾರ್ಡಿ ಹೌ ಕೂಡ ಬಂದುಹೋದ. ಒವೆಚ್ಕಿನ್‌ನನ್ನು ಎಲ್ಲರೂ ಮರೆತಿದ್ದರು, ಪಾಪ, ಅವನದೇ ದಿನ.

ಅಷ್ಟೂ ಹೊತ್ತು ನೆಲದ ಮೇಲೆ ಕೂತಿದ್ದ ಹನ್ನೆರಡರ ಮೊಮ್ಮಗಳು ತಲೆಯೆತ್ತಿದಳು. ಅವಳು ತನ್ನ ತಂಡದ ಗೋಲ್‌ಕೀಪರ್. "ಗೋಲು ಹೊಡೆದವರ ಹೆಸರೇ ಹೇಳ್ತೀರಲ್ಲ, ತಡೆದವರು? ಹಾಶೆಕ್?"

ಇಬ್ಬರೂ ತಟ್ಟನೆ ಸುಮ್ಮನಾದರು. ಯಾಕೆಂದು ನನಗೆ ಹೊಳೆಯಲಿಲ್ಲ. ಅವಳೇ ಬಿಡಿಸಿ ಹೇಳಿದಳು: 1998, ನಾಗಾನೊ ಒಲಿಂಪಿಕ್ಸ್, ಸೆಮಿಫೈನಲ್. ಕೆನಡಾ, ಜೆಕ್ ಒಂದೊಂದು ಗೋಲು, ಶೂಟೌಟ್. ಕೆನಡಾದ ಐವರು ಒಬ್ಬೊಬ್ಬರಾಗಿ ಬಂದರು, ಐವರನ್ನೂ ಡೊಮಿನಿಕ್ ಹಾಶೆಕ್ ತಡೆದ. "ಆ ಐದು ಜನರಲ್ಲಿ ಗ್ರೆಟ್ಸ್ಕಿ ಇರ್ಲಿಲ್ಲ. ಬೆಂಚಲ್ಲಿ ಕೂತು ನೋಡ್ತಿದ್ದ."

"ಕಳಿಸಬೇಕಿತ್ತು," ಎಂದ ಮಗ. ಆ ರಾತ್ರಿ ನಿದ್ದೆಗೆಟ್ಟು ನೋಡಿದ್ದನಂತೆ.

"ಡಿಫೆನ್ಸ್‌ನವನನ್ನ ಕಳಿಸಿದ, ಗ್ರೆಟ್ಸ್ಕಿನ ಕೂರಿಸಿದ! ಆ ಕೋಚ್‌ಗೆ ತಲೆ ಇತ್ತಾ?" ಎಂದರು ಅಜ್ಜ, ಅರ್ಧ ಗಂಟೆಯಿಂದ ಡಿಫೆನ್ಸ್‌ನವನೊಬ್ಬನ ಪರ ಗಂಟಲು ಹರಿದುಕೊಂಡಿದ್ದ ಅಜ್ಜ.

ಆಮೇಲೆ ಅಪ್ಪ ಮಗ ಇಬ್ಬರೂ ಸೇರಿ ಆ ಕೋಚನ್ನು ಬೈಯತೊಡಗಿದರು, ಒಬ್ಬರ ಮಾತಿಗೆ ಇನ್ನೊಬ್ಬರು ತಲೆದೂಗುತ್ತ. ಟಿವಿಯಲ್ಲಿ ಆಟ ಮತ್ತೆ ಶುರುವಾಗಿತ್ತು. ಹುಡುಗಿ ನನ್ನನ್ನು ನೋಡಿ ಹುಬ್ಬು ಹಾರಿಸಿ, ಧ್ವನಿ ಜೋರು ಮಾಡಿದಳು.