ಎಲ್ಲರೂ ಸೇರಿ ಒಂದೇ ಜಾತಿಯ ಆರ್ಕಿಡ್ ಬೆಳೆಸುವುದಾದರೆ ಯಾವುದನ್ನು ತರೋಣ?

ಫಲಪುಷ್ಪ ಪ್ರದರ್ಶನ ಮುಗಿದ ವಾರ ನನಗೆ ಫೋನ್ ಜಾಸ್ತಿ. ಪ್ರಶ್ನೆ ಮಾತ್ರ ಒಂದೇ: ‘ನಾವೊಂದು ಎಂಟು ಹತ್ತು ಜನ ಇದ್ದೀವಿ, ಎಲ್ಲರೂ ಒಂದೇ ಜಾತಿಯ ಆರ್ಕಿಡ್ ತಂದು ಬೆಳೆಸಿ ನೋಡ್ಬೇಕು ಅಂತ ಮಾಡೀವಿ. ಯಾವ್ದು ತರೋಣ?’

ಡೆಂಡ್ರೋಬಿಯಂ ಎಂಬ ಆರ್ಕಿಡ್ ತನ್ನಿ. ಅದರಲ್ಲೂ ಸೋನಿಯಾ ಎಂಬ ತಳಿ.

ಈ ಉತ್ತರ ಕೇಳಿದವರಿಗೆ ಸಪ್ಪೆ ಅನ್ನಿಸುತ್ತದೆ, ಗೊತ್ತು. ‘ಅಯ್ಯೋ, ಮದುವೆ ಮಂಟಪಕ್ಕೆ ಕಟ್ಟೋ ಹೂವಲ್ವಾ ಅದು?’ ಅನ್ನುತ್ತಾರೆ. ಹೌದು, ಅದೇ ನೇರಳೆ-ಬಿಳಿ ಹೂವು. ಮಂಟಪದಲ್ಲಿ ಫ್ಯಾನಿನ ಗಾಳಿಗೂ ಲೈಟಿನ ಶಾಖಕ್ಕೂ ದಿನಗಟ್ಟಲೆ ಬಾಡದೆ ನಿಲ್ಲುವ ಹೂವನ್ನು ಯಾಕೆ ಹೀಗಳೆಯಬೇಕೋ ನನಗೆ ತಿಳಿಯದು.

ನಾವು ದಾವಣಗೆರೆಯಲ್ಲಿ ಗುಂಪು ಕಟ್ಟಿದ ಮೊದಲ ವರ್ಷ ಇದೇ ತಪ್ಪು ಮಾಡಿದ್ದೆವು. ಅಂದಕ್ಕೆ ಮರುಳಾಗಿ ಫಲೆನಾಪ್ಸಿಸ್ ಎಂಬ ಇನ್ನೊಂದು ಆರ್ಕಿಡ್ ಒಂಬತ್ತು ತಂದೆವು, ಎಲ್ಲವೂ ಹೂ ತುಂಬಿದ್ದವು. ಮೇ ಮುಗಿಯುವ ಹೊತ್ತಿಗೆ ಎರಡೇ ಉಳಿದವು. ಫಲೆನಾಪ್ಸಿಸ್‌ಗೆ ನೀರು ಕೂಡಿಟ್ಟುಕೊಳ್ಳಲು ದಪ್ಪ ಎಲೆ, ಬೇರು ಬಿಟ್ಟರೆ ಬೇರೆ ಜಾಗವಿಲ್ಲ. ಏಪ್ರಿಲ್ ಮಧ್ಯಾಹ್ನದ 38 ಡಿಗ್ರಿಗೆ ಎಲೆ ಚರ್ಮದಂತೆ ಸುಕ್ಕಾಗುತ್ತದೆ. ಪಾಪ ಅಂತ ಸಂಜೆ ಮೇಲಿಂದ ನೀರು ಹುಯ್ದರೆ ಅದು ಸುಳಿಯಲ್ಲಿ ನಿಂತು ಕೊಳೆಸುತ್ತದೆ. ನಮ್ಮಲ್ಲಿ ಸತ್ತ ಏಳರಲ್ಲಿ ಐದು ಹೋಗಿದ್ದು ಒಣಗಿ ಅಲ್ಲ, ಹೀಗೆ ಪ್ರೀತಿ ಹೆಚ್ಚಾಗಿ.

ಆಗ ಹೊಳೆದದ್ದು ಇಷ್ಟು. ಒಬ್ಬರೇ ಬೆಳೆಸುವುದಾದರೆ ನಿಮಗಿಷ್ಟವಾದ ಹೂವು ನೋಡಿಕೊಳ್ಳಿ. ಗುಂಪಿಗೆ ತರುವುದಾದರೆ ಗುಂಪಿನಲ್ಲಿ ಯಾರ ಮನೆ ಗಿಡಕ್ಕೆ ಎಲ್ಲಕ್ಕಿಂತ ಕೆಟ್ಟದ್ದೋ ಆ ಮನೆ ನೋಡಿ ಆರಿಸಬೇಕು. ನಮ್ಮಲ್ಲಿ ಒಬ್ಬರ ಅಂಗಳಕ್ಕೆ ಬೇವಿನ ಮರದ ನೆರಳಿದೆ, ಇನ್ನೊಬ್ಬರದು ಚನ್ನಗಿರಿ ಕಡೆ ಅಡಿಕೆ ತೋಟ. ಚಿತ್ರದುರ್ಗದಿಂದ ಬರುವ ಒಬ್ಬರ ಮನೆ ಮಾತ್ರ ಕೋಟೆ ಗುಡ್ಡದ ಕಡೆ, ಪಡುವಣಕ್ಕೆ ಮುಖ ಮಾಡಿದ ತಾರಸಿ. ಹಗಲೆಲ್ಲ ಕಾದ ಬಂಡೆ ರಾತ್ರಿ ಹತ್ತಾದರೂ ಬಿಸಿ ಉಗುಳುತ್ತಲೇ ಇರುತ್ತದೆ. ಅಲ್ಲಿ ಬದುಕುವ ಗಿಡವೇ ನಮ್ಮ ಗಿಡ.

ಸೋನಿಯಾ ಅಲ್ಲಿ ಬದುಕುತ್ತದೆ. ಅದರ ಪೂರ್ವಜರಲ್ಲಿ ಆಸ್ಟ್ರೇಲಿಯಾದ ಬಡಗಣ ತುದಿಯ ಗಿಡವೂ ಸೇರಿದೆ. ಅದು ಒಂದಷ್ಟು ತಿಂಗಳು ಮಳೆ, ಮತ್ತೊಂದಷ್ಟು ತಿಂಗಳು ಬಿರುಬಿಸಿಲು ಕಂಡದ್ದು. ಕಬ್ಬಿನ ಜಲ್ಲೆಯಂಥ ಕಡ್ಡಿಗಳೇ ಅದರ ನೀರಿನ ತೊಟ್ಟಿ. ನೀವು ಎರಡು ದಿನ ಊರಿಗೆ ಹೋದರೆ ಕಡ್ಡಿ ಕೊಂಚ ಸುಕ್ಕುಗಟ್ಟುತ್ತದೆ, ನೀರು ಕಂಡರೆ ಮತ್ತೆ ಮೈತುಂಬಿಕೊಳ್ಳುತ್ತದೆ. ಅಂದರೆ ತಪ್ಪನ್ನು ನಿಧಾನವಾಗಿ, ಕಣ್ಣಿಗೆ ಕಾಣುವಂತೆ ತೋರಿಸಿ, ತಿದ್ದಿಕೊಳ್ಳಲು ಟೈಮ್ ಕೊಡುತ್ತದೆ. ಎಲೆ ಉದುರಿದ ಹಳೆ ಕಡ್ಡಿಯನ್ನು ಸತ್ತಿತೆಂದು ಕತ್ತರಿಸಬೇಡಿ. ಹಸಿರಾಗಿದ್ದರೆ ಅದರಲ್ಲಿ ಊಟವಿದೆ, ಎಷ್ಟೋ ಸಲ ಅದೇ ಬೋಳು ಕಡ್ಡಿಯ ತುದಿಯಲ್ಲಿ ಹೂವೂ ಬರುತ್ತದೆ. ನಮ್ಮ ಗುಂಪಿನ ಮೇಷ್ಟ್ರೊಬ್ಬರು ಒಪ್ಪ ಮಾಡುತ್ತೇನೆಂದು ಮೂರು ಕಡ್ಡಿ ಕತ್ತರಿಸಿ, ಆ ವರ್ಷವೆಲ್ಲ ಬೇರೆಯವರ ಹೂವಿನ ಫೋಟೋ ನೋಡುತ್ತ ಕೂತರು.

ಗುಂಪಿಗೆ ಇನ್ನೊಂದು ಲಾಭ: ನರ್ಸರಿಗೆ ಬರುವ ಸೋನಿಯಾ ಅಂಗಾಂಶ ಕೃಷಿಯ ಗಿಡ, ಅಂದರೆ ಗಿಡದ ಚೂರಿನಿಂದ ಲ್ಯಾಬಿನಲ್ಲಿ ಎಬ್ಬಿಸಿದ್ದು. ಒಂದೇ ತಾಯಿಯ ಪಡಿಯಚ್ಚು ಅನ್ನಿ. 1960ರಲ್ಲಿ ಫ್ರಾನ್ಸಿನ ಸಸ್ಯವಿಜ್ಞಾನಿ ಜಾರ್ಜ್ ಮೊರೆಲ್ ಸಿಂಬಿಡಿಯಂ ಎಂಬ ಆರ್ಕಿಡ್ಡಿನ ಚಿಗುರಿನ ತುದಿಯಿಂದ ಗಿಡ ಎಬ್ಬಿಸಿದ ಮೇಲೆ ಆರ್ಕಿಡ್ ಬಡವರ ಕೈಗೂ ಸಿಕ್ಕಿತು. ಗಿಡಗಳು ಒಂದೇ ಆಗಿದ್ದಾಗ, ನನ್ನದು ಬಡಕಲಾಗಿ ನಿಮ್ಮದು ಹೂ ಬಿಟ್ಟರೆ ತಪ್ಪು ನನ್ನ ಕೈಯದೋ ನೀರಿನದೋ ಅಂತ ಹುಡುಕಬಹುದು. ಜಾತಕದ ಮೇಲೆ ಹಾಕುವಂತಿಲ್ಲ.

‘ಮಲೆನಾಡಿಂದ ಸೀತಾಳೆ ದಂಡೆ ತಂದ್ರೆ?’ ಅಂತ ನಮ್ಮ ಕಾಡಿನ ಆರ್ಕಿಡ್ ಬಗ್ಗೆ ಕೇಳುವವರೂ ಇದ್ದಾರೆ. ಕಾಡಿನ ಮರದಿಂದ ಕಿತ್ತದ್ದಾದರೆ ಬೇಡವೇ ಬೇಡ. ಅದು ಕಾಡಿನ ಸೊತ್ತು. ಮೇಲಾಗಿ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟುವ ಮಳೆ, ನಮ್ಮಲ್ಲಿ ಅದರ ಹತ್ತನೇ ಒಂದು ಪಾಲು. ವಾಂಡಾ ಎಂಬ ಆರ್ಕಿಡ್ ಚೆಂದ, ಹೆಸರೂ ಸಂಸ್ಕೃತದಿಂದಲೇ ಹೋದದ್ದು, ಆದರೆ ನರ್ಸರಿಯ ವಾಂಡಾ ಬರಿಬೇರಲ್ಲಿ ನೇತಾಡುತ್ತ ನಮ್ಮ ಬೇಸಿಗೆಯಲ್ಲಿ ದಿನಕ್ಕೆ ಎರಡು ಮೂರು ಸಲ ನೀರು ಬೇಡುತ್ತದೆ. ಕೆಲಸಕ್ಕೆ ಹೋಗುವವರಿಗಲ್ಲ. ಡೆಂಡ್ರೋಬಿಯಂನಲ್ಲೇ ನೊಬೈಲ್ ಅಂತ ಇನ್ನೊಂದಿದೆ, ಅದಕ್ಕೆ ಹೂ ಬಿಡಲು ತಂಪಾದ ಒಣ ಚಳಿಗಾಲ ಬೇಕು. ಅಂಗಡಿಯವರು ಎರಡನ್ನೂ ಡೆಂಡ್ರೋಬಿಯಂ ಎಂದೇ ಕೊಡುತ್ತಾರೆ, ಕೇಳಿ ತನ್ನಿ.

ಮಣ್ಣು ಒಂದು ಚಿಟಿಕೆಯೂ ಬೇಡ. ಪಕ್ಕಕ್ಕೂ ತೂತಿರುವ ನಾಲ್ಕಿಂಚಿನ ಮಣ್ಣಿನ ಕುಂಡ, ಇಸ್ತ್ರಿ ಅಂಗಡಿಯ ಇದ್ದಿಲು, ಒಡೆದ ಹೆಂಚು. ಇದ್ದಿಲನ್ನು ಒಂದು ರಾತ್ರಿ ನೆನೆಸಿ ತೊಳೆಯಿರಿ. ಎಲ್ಲರ ಕುಂಡವೂ ಒಂದೇ ಥರ ಇರಲಿ, ಇಲ್ಲವಾದರೆ ಹೋಲಿಸುವುದೇನನ್ನು? ನೆರಳುಬಲೆ ಶೇ. 50ರದು, ಅಂದರೆ ಅರ್ಧ ಬಿಸಿಲು ತಡೆಯುವುದು ಸಾಕು. 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವುದು) ಯಾವ ಗೊಬ್ಬರದ ಅಂಗಡಿಯಲ್ಲಾದರೂ ಸಿಗುತ್ತದೆ, ಲೀಟರಿಗೆ ಒಂದು ಗ್ರಾಂ, ವಾರಕ್ಕೊಮ್ಮೆ. ಹೊಲಕ್ಕೆ ಹಾಕಿ ಅಭ್ಯಾಸವಾದವರ ಕೈ ಇಲ್ಲಿ ಭಾರವಾಗುತ್ತದೆ, ಹುಷಾರು.

ನಿಜವಾದ ತಲೆನೋವು ನೀರು. ಬೋರ್‌ವೆಲ್ಲಿನ ಗಡಸು ನೀರು ಹಾಕಿದರೆ ಆರು ತಿಂಗಳಲ್ಲಿ ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟುತ್ತದೆ, ಬೇರಿನ ಹಸಿರು ತುದಿ ಕಂದಾಗಿ ನಿಂತುಬಿಡುತ್ತದೆ. ಬೇರಿನ ಮೇಲಿನ ಬಿಳಿ ಸ್ಪಂಜಿನಂಥ ಪದರವೇ ನೀರು ಹೀರುವುದು. ನೆನೆದಾಗ ಅದು ಹಸಿರಾಗುತ್ತದೆ, ಒಣಗಿ ಮತ್ತೆ ಬೆಳ್ಳಗಾದ ಮೇಲೆ ಮುಂದಿನ ನೀರು. ತಾರಸಿಯ ಮಳೆನೀರನ್ನು ಡ್ರಮ್ಮಿಗೆ ಹಿಡಿದಿಡಿ. ಅದು ಮುಗಿದಾಗ ಕುಡಿಯುವ ಕ್ಯಾನಿನ ನೀರು. ಮನೆಯವರು ಬೈಯುತ್ತಾರೆ, ಬೈಸಿಕೊಳ್ಳಿ.

ಗಿಡ ತರುವುದು ಮಾತ್ರ ಪ್ರದರ್ಶನದಲ್ಲಿ ಹೂ ನೋಡಿದ ಆ ಉತ್ಸಾಹದಲ್ಲಲ್ಲ. ಆಗ ತಂದರೆ ಬೇರು ಊರುವ ಮೊದಲೇ ಬೇಸಿಗೆ ಬಡಿಯುತ್ತದೆ. ಜೂನಿನಲ್ಲಿ ಒಂದೆರಡು ಮಳೆ ಬಿದ್ದ ಮೇಲೆ, ಹೂವಿಲ್ಲದ, ಬುಡದಲ್ಲಿ ಹೊಸ ಮೊಳಕೆ ಒಡೆದ ಗಿಡಗಳನ್ನು ಆರಿಸಿ ತನ್ನಿ. ಹತ್ತು ಜನರಿದ್ದರೆ ಹನ್ನೆರಡು ಗಿಡ. ಆ ಎರಡು ಯಾರಿಗೆ ಬೇಕಾಗುತ್ತವೆ ಅಂತ ಈಗಲೇ ಕೇಳಬೇಡಿ, ಮೊದಲ ವರ್ಷ ಎರಡನ್ನೂ ಒಯ್ದವನು ನಾನೇ.