ಭೂತಗನ್ನಡಿ ಹಿಂದೆ ಹದಿನಾಲ್ಕು ಇಂಚು

ದಾವಣಗೆರೆ, 12 ಏಪ್ರಿಲ್ 2025, ಶನಿವಾರ

ಐಪಿಎಲ್ ದಿನಗಳು. ಲ್ಯಾಪ್‌ಟಾಪ್ ಮುಂದೆ ಲೆನ್ಸ್ ಇಟ್ಟರೆ ಅದೇ ದೊಡ್ಡ ಟಿವಿ ಆಗುತ್ತಂತೆ ಅನ್ನೋ ಮಾತು ಮತ್ತೆ ಶುರುವಾಗಿದೆ. ಆಗುತ್ತದೆ, ಆದರೆ ಒಬ್ಬರಿಗೆ, ಹೆಚ್ಚೆಂದರೆ ಒತ್ತಿಕೊಂಡು ಕೂತ ಇಬ್ಬರಿಗೆ.

ಮಾರುವುದು ಫ್ರೆನೆಲ್ ಹಾಳೆ. 1820ರ ದಶಕದಲ್ಲಿ ಫ್ರಾನ್ಸಿನ ಫ್ರೆನೆಲ್ ದೀಪಸ್ತಂಭಕ್ಕೆಂದು ಮಾಡಿದ ಉಪಾಯ ಇದು: ದಪ್ಪ ಮಸೂರದ ಬಾಗನ್ನು ಉಂಗುರ ಉಂಗುರವಾಗಿ ಕೊಯ್ದು ಚಪ್ಪಟೆ ಮಾಡುವುದು. ಅಗ್ಗದ ಪಿವಿಸಿ ಪ್ಲಾಸ್ಟಿಕ್ ಹಾಳೆ ನಮ್ಮ ಏಪ್ರಿಲ್ ಬಿಸಿಲಿಗೆ ಸೊಟ್ಟಗಾಗುತ್ತದೆ, ಅದರ ಜೊತೆ ಪಿಚ್ಚೂ ಬಾಗುತ್ತದೆ. 2–3 ಮಿ.ಮೀ. ಅಕ್ರಿಲಿಕ್ ಸಿಕ್ಕರೆ ಅದನ್ನೇ ತರುವುದು.

ತಂದ ಮೇಲೆ ಮೊದಲು ಸಂಗಮದೂರ, ಅಂದರೆ ದೂರದಿಂದ ಬಂದ ಬೆಳಕನ್ನು ಹಾಳೆ ಒಂದೆಡೆ ಕೂಡಿಸುವ ದೂರ, ಅಳೆಯಬೇಕು. ಕಿಟಕಿಗೆ ಎದುರಿನ ಗೋಡೆ ಹತ್ತಿರ ಹಾಳೆ ಹಿಡಿದು ಹಿಂದೆ ಮುಂದೆ ಮಾಡಿ. ಹೊರಗಿನ ಬೇವಿನ ಮರ ತಲೆಕೆಳಗಾಗಿ ಗೋಡೆ ಮೇಲೆ ಸ್ಪಷ್ಟ ಮೂಡಿದ ಕಡೆ ನಿಲ್ಲಿಸಿ, ಹಾಳೆಯಿಂದ ಗೋಡೆಗೆ ಟೇಪು ಹಿಡಿಯಿರಿ. ಸೂರ್ಯನನ್ನು ಹಿಡಿದು ಅಳೆಯಬೇಡಿ, ಗೋಡೆ ಬಣ್ಣ ಸುಡುತ್ತದೆ.

ಅಳತೆ 60 ಸೆಂ.ಮೀ. ಬಂತು ಅನ್ನಿ. ಪರದೆಯಿಂದ 20 ಸೆಂ.ಮೀ. ದೂರದಲ್ಲಿ ಹಾಳೆ ನಿಲ್ಲಿಸಿದರೆ ವರ್ಧನೆ 60ನ್ನು 40ರಿಂದ (60ರಲ್ಲಿ 20 ಕಳೆದು ಉಳಿದದ್ದು) ಭಾಗಿಸಿದಷ್ಟು, ಅಂದರೆ ಒಂದೂವರೆ ಪಟ್ಟು. 14 ಇಂಚಿನ ಪರದೆ 21 ಇಂಚಾಯಿತು. 30ಕ್ಕೆ ಸರಿಸಿದರೆ ಎರಡು ಪಟ್ಟು, ಆದರೆ ಅಂಚು ಕಾಮನಬಿಲ್ಲಾಗಿ ಒಡೆಯತೊಡಗುತ್ತದೆ. ಒಂದೂವರೆಗೆ ನಿಲ್ಲುವುದು ವಾಸಿ.

ಈ 21 ಇಂಚಿನಲ್ಲಿ ಮೋಸ ಇದೆ. ದೊಡ್ಡದಾದ ಮಿಥ್ಯಬಿಂಬ (ಹಾಳೆಯೊಳಗಿಂದ ಕಣ್ಣಿಗೆ ಕಾಣುವ ಚಿತ್ರ) ಹಾಳೆಯ ಹಿಂದೆ 30 ಸೆಂ.ಮೀ. ದೂರಕ್ಕೆ ಸರಿದಿರುತ್ತದೆ. ಕಣ್ಣು ಹಾಳೆಯಿಂದ 40 ಸೆಂ.ಮೀ. ದೂರದಲ್ಲಿದ್ದರೆ, ಬರಿಗಣ್ಣಿಗೆ ಕಂಡದ್ದಕ್ಕಿಂತ ದೊಡ್ಡದಾಗಿದ್ದು ನಿಜಕ್ಕೂ 1.3 ಪಟ್ಟು ಅಷ್ಟೇ. ಹಿಂದೆ ಸರಿದು ಕೂತರೆ ಲಾಭ ಸ್ವಲ್ಪ ಏರುತ್ತದೆ, ಆದರೆ ಆಗ ಹಾಳೆಯ ಅಗಲ ಸಾಲುವುದಿಲ್ಲ. ಎ4 ಹಾಳೆಯ ಅಗಲ 29.7 ಸೆಂ.ಮೀ.; 50 ಸೆಂ.ಮೀ. ದಾಟಿದ ಕೂಡಲೇ ಚಿತ್ರದ ಎಡ-ಬಲ ಕತ್ತರಿಸಿ ಹೋಗುತ್ತದೆ, ಸ್ಕೋರಿನ ಪಟ್ಟಿಯೂ ಅದರ ಜೊತೆ. ಪಕ್ಕದಲ್ಲಿ ಕೂತವರಿಗಂತೂ ಅರ್ಧ ಮೈದಾನ. ಮನೆಯವರೆಲ್ಲ ನೋಡಬೇಕೆಂದರೆ ಪರದೆಗಿಂತ ದೊಡ್ಡ ಹಾಳೆಯೇ ಬೇಕು.

ಚೌಕಟ್ಟಿಗೆ ಮರದ ಬೀಡಿಂಗ್ ಸಾಕು. ಹಾಳೆ ಕೂರುವ ಸೀಳು ಅದರ ದಪ್ಪಕ್ಕಿಂತ ಒಂದು ಮಿ.ಮೀ. ಹೆಚ್ಚಿರಲಿ; ಬಿಗಿಯಾದರೆ ಬಿಸಿಗೆ ಹಿಗ್ಗಿ ಬಾಗುತ್ತದೆ. ಮೇಲಂಚನ್ನು ನೋಡುವವರ ಕಡೆ 5–10 ಡಿಗ್ರಿ ಬಗ್ಗಿಸಿದರೆ ಟ್ಯೂಬ್‌ಲೈಟಿನ ಪ್ರತಿಫಲನ ಮೇಜಿನ ಕಡೆ ಇಳಿಯುತ್ತದೆ. ಗೀರಿರುವ ಬದಿ ನಮ್ಮ ಕಡೆಗಿದ್ದರೆ ಚಿತ್ರ ಚೂಪು. ಪರದೆಯ ಮೇಲೆ ಅಲೆಯಂಥ ಪಟ್ಟೆ ಕಂಡರೆ ಅದು ಗೀರುಗಳೂ ಪಿಕ್ಸೆಲ್ ಸಾಲುಗಳೂ ಒಂದರ ಮೇಲೊಂದು ಬಿದ್ದದ್ದು. ಹಾಳೆಯನ್ನು ಒಂದೆರಡು ಸೆಂ.ಮೀ. ಸರಿಸಿ.

ಇನ್ನು ಚಿತ್ರವನ್ನು ಗೋಡೆಗೆ ಬಿಡುವ ಆಸೆ. 30 ಸೆಂ.ಮೀ. ಸಂಗಮದೂರದ ಹಾಳೆಯಿಂದ 36 ಸೆಂ.ಮೀ. ಹಿಂದೆ ಪರದೆ ಇಟ್ಟರೆ 180 ಸೆಂ.ಮೀ. ಮುಂದೆ ಐದು ಪಟ್ಟು, ಅಂದರೆ 70 ಇಂಚಿನ ಚಿತ್ರ ಬೀಳುತ್ತದೆ. ಕೇಳೋಕೆ ಭರ್ಜರಿ. ಆದರೆ ಎ4 ಅಳತೆಯ ಹಾಳೆಯಾದರೆ ಪರದೆಯ ಹೊಳಪಿನಲ್ಲಿ ಶೇಕಡಾ ಅರ್ಧದಷ್ಟೂ (0.5%) ಗೋಡೆಯಲ್ಲಿ ಉಳಿಯುವುದಿಲ್ಲ. ಕಿಟಕಿಗೆ ಕಂಬಳಿ ಹೊದಿಸಿ ನೋಡಬೇಕು. ಅಂಚು ಮಬ್ಬು ಅಂತ ಹಾಳೆ ಮುಂದೆ ತೂತು ಮಾಡಿದ ರಟ್ಟು ಇಟ್ಟರೆ ಚೂಪಾಗುತ್ತದೆ, ಇದ್ದ ಬೆಳಕೂ ಹೋಗುತ್ತದೆ.

ಹೆಚ್ಚಿನವರು ಎಡವುವುದು ಇಲ್ಲಿ: ಚಿತ್ರ ತಲೆಕೆಳಗು ಬಂತು ಅಂತ ಲ್ಯಾಪ್‌ಟಾಪನ್ನೇ ತಲೆಕೆಳಗು ಇಡುತ್ತಾರೆ. ತಲೆ ನೆಟ್ಟಗಾಗುತ್ತದೆ, ಅಕ್ಷರ ಮಾತ್ರ ಕನ್ನಡಿಯಲ್ಲಿ ಕಂಡಂತೆ ಉಲ್ಟಾ. ವಿಂಡೋಸಿನಲ್ಲಿ ಪರದೆಯನ್ನು 180 ಡಿಗ್ರಿ ತಿರುಗಿಸಿದರೂ ಅದೇ ಕತೆ. ಬೇಕಿರುವುದು ತಿರುಗಿಸುವುದಲ್ಲ, ಎಡ-ಬಲ ಹಾಗೇ ಇದ್ದು ಮೇಲಿನದ್ದು ಕೆಳಗಾಗುವಂತೆ ಮಗುಚುವುದು. ಫೈಲಿನಲ್ಲಿರುವ ಸಿನಿಮಾ ಆದರೆ ಲ್ಯಾಪ್‌ಟಾಪ್ ನೆಟ್ಟಗೇ ಇರಲಿ, ವಿಎಲ್‌ಸಿ ಅನ್ನೋ ವಿಡಿಯೊ ಪ್ಲೇಯರಿನ ವಿಡಿಯೊ ಎಫೆಕ್ಟ್ಸ್ ಒಳಗೆ ಜ್ಯಾಮಿಟ್ರಿ, ಅದರಲ್ಲಿ ಟ್ರಾನ್ಸ್‌ಫಾರ್ಮ್ ಗುರುತು ಹಾಕಿ ‘ಫ್ಲಿಪ್ ವರ್ಟಿಕಲಿ’ ಆರಿಸಿ. ಬ್ರೌಸರಿನ ಲೈವ್ ಪಂದ್ಯಕ್ಕೆ ಇದು ಒದಗದು. ಅದಕ್ಕೆ ಲ್ಯಾಪ್‌ಟಾಪ್ ತಲೆಕೆಳಗು ಇಟ್ಟು, ಗೋಡೆಯ ಬದಲು ತೆಳು ಬಿಳಿ ಪಂಚೆ ಬಿಗಿದು ಕಟ್ಟಿ, ಅದರ ಆಚೆ ಬದಿಯಿಂದ ನೋಡಬೇಕು. ಉಲ್ಟಾ ಅಕ್ಷರ ಆಗ ಸುಲ್ಟಾ.

ಮಿರ್ಚಿ-ಮಂಡಕ್ಕಿ ತಿಂದ ಕೈಯಲ್ಲಿ ಹಾಳೆ ಮುಟ್ಟಿದರೆ ಎಣ್ಣೆ ಗೀರಿನೊಳಗೆ ಇಳಿದು ಚಿತ್ರ ಮಂಜಾಗುತ್ತದೆ. ಸ್ಯಾನಿಟೈಸರ್, ಥಿನ್ನರ್ ಹಚ್ಚಬೇಡಿ, ಅಕ್ರಿಲಿಕ್ ಸಣ್ಣಗೆ ಸೀಳು ಬಿಡುತ್ತದೆ. ಉಗುರುಬೆಚ್ಚನೆ ನೀರಿಗೆ ಪಾತ್ರೆ ಸೋಪಿನ ಎರಡು ಹನಿ ಹಾಕಿ ಅದ್ದಿ, ಹಳೆಯ ಬನಿಯನ್ ಬಟ್ಟೆಯಿಂದ ಒತ್ತಿ ತೆಗೆಯಿರಿ. ಒಣ ಬಟ್ಟೆಯಲ್ಲಿ ಉಜ್ಜಿದರೆ ಇಲ್ಲಿನ ದೂಳೇ ಉಪ್ಪುಕಾಗದ.

ಪಂದ್ಯ ಮುಗಿದ ರಾತ್ರಿಯೇ ದಪ್ಪ ಬಟ್ಟೆ ಮುಚ್ಚಿ ಮಲಗಿ. ಪೂರ್ವದ ಕಿಟಕಿಯ ಬೆಳಗಿನ ಬಿಸಿಲು ಈ ಹಾಳೆ ದಾಟಿ ಒಂದೇ ಚುಕ್ಕಿಯಾದರೆ ಪರದೆ ಸುಡುತ್ತದೆ, ಪರದೆ ಇಲ್ಲದಿದ್ದರೆ ಹಾಸಿಗೆ.