ನುಂಗಿದ ಮಾತ್ರಕ್ಕೆ ಸತ್ತಂತಲ್ಲ

ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾಗಳನ್ನು ನುಂಗಿ ಕೊಲ್ಲುತ್ತವೆ ಎಂದು ಶಾಲೆಯ ಪಠ್ಯಗಳು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ. ಆ ಸಾಲಿನಲ್ಲಿ ತಪ್ಪೇನೂ ಇಲ್ಲ. ಆದರೆ ನುಂಗುವುದು ಒಂದು ಕೆಲಸ, ಕೊಲ್ಲುವುದು ಇನ್ನೊಂದು. ಮನುಷ್ಯರನ್ನು ದೀರ್ಘಕಾಲ ಕಾಡುವ ಹಲವು ರೋಗಾಣುಗಳ ಬದುಕು ನಿಂತಿರುವುದೇ ಈ ಎರಡರ ನಡುವಿನ ಅವಕಾಶದಲ್ಲಿ.

ನುಂಗುವ ಕ್ರಿಯೆಯ ಮಹತ್ವವನ್ನು ಮೊದಲು ಗುರುತಿಸಿದವರು ಜೀವವಿಜ್ಞಾನಿ ಇಲ್ಯಾ ಮೆಚ್ನಿಕೋವ್. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಅವರು ನಕ್ಷತ್ರಮೀನಿನ ಪಾರದರ್ಶಕ ಮರಿಗಳಿಗೆ ಗುಲಾಬಿ ಮುಳ್ಳು ಚುಚ್ಚಿಟ್ಟು, ಮರುದಿನ ಮುಳ್ಳಿನ ಸುತ್ತ ಕೋಶಗಳು ಮುತ್ತಿಕೊಂಡಿರುವುದನ್ನು ಕಂಡರು. 1908ರಲ್ಲಿ ಪಾಲ್ ಎರ್ಲಿಖ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಪಡೆದರು. ನಮ್ಮ ದೇಹದಲ್ಲಿ ಸೋಂಕಿನ ಜಾಗಕ್ಕೆ ಮೊದಲು ಧಾವಿಸುವವು ನ್ಯೂಟ್ರೋಫಿಲ್‌ಗಳೆಂಬ ಬಿಳಿ ರಕ್ತಕಣಗಳು. ಅಸ್ಥಿಮಜ್ಜೆಯು ದಿನವೊಂದಕ್ಕೆ ಸುಮಾರು 10,000 ಕೋಟಿಯಷ್ಟು ಇಂಥ ಕೋಶಗಳನ್ನು ತಯಾರಿಸುತ್ತದೆ, ಏಕೆಂದರೆ ಅವುಗಳ ಆಯುಷ್ಯ ಬಹಳ ಕಡಿಮೆ. ಅಂಗಾಂಶಗಳಲ್ಲೇ ನೆಲೆಸಿರುವ ಮ್ಯಾಕ್ರೋಫೇಜ್‌ಗಳೆಂಬ ಇನ್ನೊಂದು ಬಗೆಯ ನುಂಗುವ ಕೋಶಗಳು ಅವುಗಳಿಗಿಂತ ದೀರ್ಘಾಯುಷಿಗಳು.

ನುಂಗಬೇಕಾದರೆ ಮೊದಲು ಹಿಡಿತ ಸಿಗಬೇಕು. ನ್ಯುಮೋನಿಯಾ ತರುವ ನ್ಯುಮೋಕಾಕಸ್ ತನ್ನ ಮೈಸುತ್ತ ಸಕ್ಕರೆಯ ಅಣುಸರಪಳಿಗಳಿಂದಾದ ದಪ್ಪ ಕವಚವನ್ನು ಹೊದ್ದಿರುವುದರಿಂದ, ರಕ್ತಕಣದ ಪೊರೆಯಲ್ಲಿರುವ ಗ್ರಾಹಕಗಳಿಗೆ ಅದು ಸುಲಭವಾಗಿ ದಕ್ಕುವುದಿಲ್ಲ. ಆ ಕವಚದ ಮೇಲೆ ಪ್ರತಿಕಾಯಗಳು ಮತ್ತು ಕಾಂಪ್ಲಿಮೆಂಟ್ ಎಂಬ ರಕ್ತದ ಪ್ರೋಟೀನ್‌ಗಳು ಅಂಟಿಕೊಂಡಾಗ ಪರಿಸ್ಥಿತಿ ಬದಲಾಗುತ್ತದೆ. ಗ್ರಾಹಕಗಳು ಆ ಪ್ರೋಟೀನ್‌ಗಳನ್ನೇ ಹಿಡಿದುಕೊಳ್ಳುತ್ತವೆ, ಕೋಶಪೊರೆ ಬ್ಯಾಕ್ಟೀರಿಯಾದ ಸುತ್ತ ಮುಂಚಾಚಿ ಅದನ್ನು ಚೀಲವೊಂದರಲ್ಲಿ ಮುಚ್ಚಿಕೊಂಡು ಒಳಗೆಳೆದುಕೊಳ್ಳುತ್ತದೆ. ನ್ಯುಮೋಕಾಕಸ್ ಲಸಿಕೆಯು ಮುಖ್ಯವಾಗಿ ಮಾಡಿಕೊಡುವುದು ಈ ಹಿಡಿತದ ವ್ಯವಸ್ಥೆಯನ್ನೇ. ಇಂಥ ಕವಚಧಾರಿಗಳನ್ನು ರಕ್ತದಿಂದ ಸೋಸುವುದರಲ್ಲಿ ಗುಲ್ಮದ ಪಾತ್ರ ದೊಡ್ಡದಾದ ಕಾರಣ, ಗುಲ್ಮವನ್ನು ತೆಗೆದುಹಾಕಿದವರಿಗೆ ಈ ಲಸಿಕೆಯನ್ನು ತಪ್ಪದೆ ಸೂಚಿಸಲಾಗುತ್ತದೆ.

ಇನ್ನು ಕೊಲ್ಲುವ ಕೆಲಸ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇರುವುದು ಇಲ್ಲಿ. ಬ್ಯಾಕ್ಟೀರಿಯಾ ಚೀಲದೊಳಗೆ ಸೇರುತ್ತಿದ್ದಂತೆ ನ್ಯೂಟ್ರೋಫಿಲ್ ಒಮ್ಮೆಲೇ ಹೆಚ್ಚಿನ ಆಮ್ಲಜನಕವನ್ನು ಬಳಸತೊಡಗುತ್ತದೆ, ಆದರೆ ಇದು ಉಸಿರಾಟಕ್ಕಾಗಿ ಅಲ್ಲ. ಚೀಲದ ಪೊರೆಯಲ್ಲಿ ಜೋಡಣೆಗೊಳ್ಳುವ ಎನ್‌ಎಡಿಪಿಎಚ್ ಆಕ್ಸಿಡೇಸ್ ಎಂಬ ಕಿಣ್ವವು ಆಮ್ಲಜನಕಕ್ಕೆ ಎಲೆಕ್ಟ್ರಾನ್ ಸೇರಿಸಿ ಸೂಪರಾಕ್ಸೈಡ್ ತಯಾರಿಸುತ್ತದೆ. ಅದು ಹೈಡ್ರೋಜನ್ ಪೆರಾಕ್ಸೈಡ್ ಆಗಿ ಬದಲಾಗುತ್ತದೆ. ಮೈಲೋಪೆರಾಕ್ಸಿಡೇಸ್ ಎಂಬ ಮತ್ತೊಂದು ಕಿಣ್ವ ಅದನ್ನು ಕ್ಲೋರೈಡ್‌ನೊಂದಿಗೆ ಸೇರಿಸಿ ಹೈಪೋಕ್ಲೋರಸ್ ಆಮ್ಲವನ್ನಾಗಿಸುತ್ತದೆ. ಕ್ಲೋರಿನ್ ಹಾಕಿ ಶುದ್ಧೀಕರಿಸಿದ ನೀರಿನಲ್ಲಿ ರೋಗಾಣುಗಳನ್ನು ಕೊಲ್ಲುವುದೂ ಇದೇ ಆಮ್ಲ. ಕೀವಿಗೆ ಹಸಿರು ಛಾಯೆ ಬರುವುದು ಈ ಮೈಲೋಪೆರಾಕ್ಸಿಡೇಸ್‌ನ ಬಣ್ಣದಿಂದ ಎಂಬುದನ್ನು ಓದಿದ ಮೇಲೆ ಕೀವಿನ ಬಗ್ಗೆ ನನಗಿದ್ದ ಹೇಸಿಗೆ ಸ್ವಲ್ಪ ಕಡಿಮೆಯಾಯಿತು. ಇದರ ಜೊತೆಗೆ ಕೋಶದೊಳಗಿನ ಕಣಿಕೆಗಳೂ ಚೀಲದೊಂದಿಗೆ ಬೆರೆತು ತಮ್ಮಲ್ಲಿರುವುದನ್ನು ಸುರಿಯುತ್ತವೆ: ಲೈಸೋಜೈಮ್ ಬ್ಯಾಕ್ಟೀರಿಯಾದ ಕೋಶಭಿತ್ತಿಯನ್ನು ಕತ್ತರಿಸುತ್ತದೆ, ಡಿಫೆನ್ಸಿನ್‌ಗಳು ಪೊರೆಯಲ್ಲಿ ರಂಧ್ರ ಮಾಡುತ್ತವೆ. ಇ. ಕೊಲೈಯಂಥ ಗ್ರಾಂ-ಋಣ ಬ್ಯಾಕ್ಟೀರಿಯಾಗಳ ಕೋಶಭಿತ್ತಿಯ ಹೊರಗೆ ಇನ್ನೊಂದು ಪೊರೆ ಇರುವುದರಿಂದ, ಆ ಪೊರೆ ಮೊದಲು ಹಾಳಾಗದೆ ಲೈಸೋಜೈಮ್‌ಗೆ ಅಲ್ಲಿ ಹೆಚ್ಚಿನ ಕೆಲಸವಿಲ್ಲ.

ಆಕ್ಸಿಡೇಸ್ ಕಿಣ್ವ ಎಷ್ಟು ಮುಖ್ಯವೆಂಬುದು, ಹುಟ್ಟಿನಿಂದಲೇ ಅದು ಕೆಲಸ ಮಾಡದ ದೀರ್ಘಕಾಲೀನ ಗ್ರಾನ್ಯುಲೋಮಾ ಕಾಯಿಲೆಯಲ್ಲಿ ಸ್ಪಷ್ಟವಾಗುತ್ತದೆ. ಈ ಕಾಯಿಲೆಯಿರುವ ಮಕ್ಕಳ ನ್ಯೂಟ್ರೋಫಿಲ್‌ಗಳು ಸೋಂಕಿನ ಜಾಗಕ್ಕೆ ಹೋಗುತ್ತವೆ, ಬ್ಯಾಕ್ಟೀರಿಯಾವನ್ನು ನುಂಗುತ್ತವೆ, ಆದರೆ ಒಳಗೆ ಅದು ಜೀವಂತವಾಗಿಯೇ ಉಳಿಯುತ್ತದೆ. ಸ್ಟ್ಯಾಫಿಲೋಕಾಕಸ್ ಆರಿಯಸ್, ಸೆರಾಷಿಯಾ ಮತ್ತು ಆಸ್ಪರ್ಜಿಲಸ್ ಶಿಲೀಂಧ್ರ ಅವರನ್ನು ಪದೇ ಪದೇ ಕಾಡಿದರೆ, ನ್ಯುಮೋಕಾಕಸ್ ಅಷ್ಟಾಗಿ ಕಾಡುವುದಿಲ್ಲ.

ಸ್ಟ್ಯಾಫಿಲೋಕಾಕಸ್ ಆರಿಯಸ್ ಆರೋಗ್ಯವಂತರಲ್ಲೂ ಸುಲಭದ ಎದುರಾಳಿಯಲ್ಲ. ಅದರ ಮೈಮೇಲಿನ ಪ್ರೋಟೀನ್-ಎ ಪ್ರತಿಕಾಯವನ್ನು ಬಾಲದ ಕಡೆಯಿಂದ ಹಿಡಿದು ತಲೆಕೆಳಗಾಗಿಸುವುದರಿಂದ, ರಕ್ತಕಣವು ಹಿಡಿಯಬೇಕಾದ ತುದಿಯೇ ಮುಚ್ಚಿಹೋಗುತ್ತದೆ. ನುಂಗಿದ ಮೇಲೂ ಅದರ ಕೆಟಲೇಸ್ ಕಿಣ್ವ ಪೆರಾಕ್ಸೈಡನ್ನು ಒಡೆಯುತ್ತದೆ, ಅದಕ್ಕೆ ಹೊಂಬಣ್ಣ ಕೊಡುವ ವರ್ಣದ್ರವ್ಯ ಉತ್ಕರ್ಷಕಗಳನ್ನು ತಡೆದುಕೊಳ್ಳುತ್ತದೆ.

ಮ್ಯಾಕ್ರೋಫೇಜ್‌ಗಳನ್ನೇ ಮನೆ ಮಾಡಿಕೊಳ್ಳುವ ಬ್ಯಾಕ್ಟೀರಿಯಾಗಳದು ಬೇರೆಯೇ ವರಸೆ. ಕ್ಷಯದ ಬ್ಯಾಕ್ಟೀರಿಯಾ ತಾನಿರುವ ಚೀಲಕ್ಕೆ ಲೈಸೋಸೋಮ್, ಅಂದರೆ ಕೋಶದೊಳಗಿನ ಜೀರ್ಣಕಿಣ್ವಗಳ ಸಂಚಿ, ಬಂದು ಸೇರುವುದನ್ನೇ ತಡೆಯುತ್ತದೆ, ಹಾಗಾಗಿ ಅಲ್ಲಿ ಆಮ್ಲೀಯತೆಯೂ ಏರುವುದಿಲ್ಲ, ಜೀರ್ಣಕಿಣ್ವಗಳೂ ತಲುಪುವುದಿಲ್ಲ. ಲಿಸ್ಟೀರಿಯಾ ಚೀಲವನ್ನೇ ತೂತು ಮಾಡಿ ಕೋಶದ್ರವ್ಯಕ್ಕೆ ಇಳಿದು, ಆತಿಥೇಯ ಕೋಶದ ಆಕ್ಟಿನ್ ಪ್ರೋಟೀನನ್ನೇ ಬಾಲವಾಗಿ ಕಟ್ಟಿಕೊಂಡು ಪಕ್ಕದ ಕೋಶಕ್ಕೆ ನುಗ್ಗುತ್ತದೆ. ಎಲ್ಲಕ್ಕಿಂತ ವಿಚಿತ್ರವೆಂದು ನನಗೆ ಕಾಣುವುದು ಕ್ಯೂ ಜ್ವರವನ್ನು ತರುವ ಕಾಕ್ಸಿಯೆಲ್ಲಾ: ಅದು ಲೈಸೋಸೋಮ್ ಬಂದು ಸೇರಲು ಬಿಡುತ್ತದೆ, ಚೀಲ ಆಮ್ಲೀಯವಾದ ಮೇಲೆಯೇ ಬೆಳೆಯತೊಡಗುತ್ತದೆ. ಆದ್ದರಿಂದ ಈ ಸೋಂಕು ಹೃದಯದ ಕವಾಟಗಳಲ್ಲಿ ಬೇರೂರಿದಾಗ ವೈದ್ಯರು ಡಾಕ್ಸಿಸೈಕ್ಲಿನ್ ಎಂಬ ಪ್ರತಿಜೀವಕದ ಜೊತೆಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟು, ಬಿಳಿ ರಕ್ತಕಣದೊಳಗಿನ ಆ ಆಮ್ಲೀಯತೆಯನ್ನೇ ತಗ್ಗಿಸುತ್ತಾರೆ. ಆಗಲೇ ಆ ಪ್ರತಿಜೀವಕ ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಈ ಚಿಕಿತ್ಸೆ ಕನಿಷ್ಠ 18 ತಿಂಗಳು ನಡೆಯುತ್ತದೆ.